ಕಾಲೇಜು ಆಟಗಾರರ ಸ್ಟ್ರೆಂತ್ ಟ್ರೈನಿಂಗ್: ಭಾರ ಎತ್ತುವವರ ಉಳಿದ ಬದುಕನ್ನು ನೋಡುವವರು ಯಾರು?

ಚರ್ಚೆ ಆರಂಭಿಸಿದವರು: ಸ್ಟ್ರೆಂತ್ ಕೋಚ್

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಕಾಲೇಜು ಆಟಗಾರರಿಗೆ ಸ್ಟ್ರೆಂತ್ ಟ್ರೈನಿಂಗ್ ಕೊಡುತ್ತಾ ಬಂದಿದ್ದೇನೆ. ಕಳೆದ ತಿಂಗಳು ನಡೆದ ಒಂದು ಪ್ರಸಂಗ ಮನಸ್ಸನ್ನು ಕೊರೆಯುತ್ತಿರುವುದರಿಂದ, ಇದೇ ಕೆಲಸದಲ್ಲಿರುವವರ ಮುಂದೆ ಅದನ್ನಿಟ್ಟು ಅಭಿಪ್ರಾಯ ಕೇಳಬೇಕೆನಿಸಿತು.

ಹುಡುಗ ಎರಡನೆಯ ವರ್ಷದ ವಿದ್ಯಾರ್ಥಿ, ವಾಲಿಬಾಲ್ ಆಡುತ್ತಾನೆ. ಅದಕ್ಕೆ ಮೂರು ವಾರ ಮೊದಲು 90 ಕಿಲೋದ ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವ ಸ್ಕ್ವಾಟ್‌ಗಳನ್ನು ಐದು ಸಲ ನಿರಾಯಾಸವಾಗಿ ಮುಗಿಸಿದ್ದವನು, ಅಂದು 80 ಕಿಲೋದಲ್ಲಿ ಮೂರನೆಯ ಸಲಕ್ಕೇ ಅರ್ಧದಲ್ಲಿ ನಿಂತುಬಿಟ್ಟ. ಹಿಮ್ಮಡಿಗಳು ನೆಲ ಬಿಟ್ಟವು, ಎಡ ಮೊಣಕಾಲು ಒಳಕ್ಕೆ ವಾಲಿತು, ಬಾರ್ ಜಾರಿ ರ‍್ಯಾಕಿನ ಸೇಫ್ಟಿ ಕಂಬಿಗಳ ಮೇಲೆ ಕೂತಿತು. ನಾನು ಮೊದಲು ಅವನ ಪಾದಗಳ ಅಂತರವನ್ನು ತಿದ್ದಿದೆ, ಆಮೇಲೆ ಕಾಲಿನ ಗಿಣ್ಣಿನ ಬಿಗಿತಕ್ಕೆಂದು ಇನ್ನೊಂದು ವ್ಯಾಯಾಮ ಸೇರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿತ್ತು ನನ್ನ ಉಪಚಾರ. ಪ್ಲೇಟುಗಳನ್ನು ಇಳಿಸುವಾಗ ಅವನ ಕೈ ನಡುಗುತ್ತಿರುವುದನ್ನು ಕಂಡು ವಿಚಾರಿಸಿದಾಗಲಷ್ಟೇ ತಿಳಿಯಿತು: ನಾಲ್ಕು ದಿನಗಳಲ್ಲಿ ಮೂರು ಪರೀಕ್ಷೆಗಳು, ರಾತ್ರಿಗೆ ನಾಲ್ಕು ಗಂಟೆಯ ನಿದ್ದೆ, ಬೆಳಗ್ಗೆ ಏನೂ ತಿನ್ನದೆ ನೇರವಾಗಿ ಜಿಮ್‌ಗೆ ಬಂದಿದ್ದಾನೆ. "ಮೊದಲೇ ಹೇಳಬಾರದಿತ್ತೇ?" ಎಂದೆ. "ನೀವು ಕೇಳಲಿಲ್ಲ ಸರ್" ಎಂದ.

ಆ ವಾರದ ಕಾರ್ಯಕ್ರಮವನ್ನು ಹಾಕಿದ್ದು ನಾನೇ. ಇಡೀ ಅವಧಿಯಲ್ಲಿ ಅತಿ ಹೆಚ್ಚು ಭಾರದ ವಾರ ಅದಾಗಿತ್ತು. ಪರೀಕ್ಷೆಯ ವೇಳಾಪಟ್ಟಿ ಒಂದು ತಿಂಗಳ ಮೊದಲೇ ಪ್ರಕಟವಾಗಿತ್ತು. ಅದನ್ನು ನನ್ನ ಯೋಜನೆಯ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಒತ್ತಡ ಎಲ್ಲಿಂದ ಬಂದರೂ ದೇಹ ಅದಕ್ಕೆ ಪ್ರತಿಕ್ರಿಯಿಸುವ ರೀತಿಯಲ್ಲಿ ಸಾಮಾನ್ಯವಾದ ಒಂದು ಕ್ರಮವಿದೆ ಎಂದು ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲೇ ಬರೆದರು. ನಮ್ಮ ವೃತ್ತಿಯ ಪಾಠಗಳಲ್ಲಿ ಅವರ ಹೆಸರು ಮೊದಲ ಅಧ್ಯಾಯದಲ್ಲೇ ಬರುತ್ತದೆ, ಆದರೆ ಆ ಒತ್ತಡವನ್ನು ನಾವು ಕಿಲೋಗಳಲ್ಲಿ ಮಾತ್ರ ಅಳೆಯುತ್ತೇವೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ 101 ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪರೀಕ್ಷೆಯ ಒತ್ತಡ ಹೆಚ್ಚಿದ್ದ ವಾರಗಳಲ್ಲಿ ಗಾಯ ಅಥವಾ ಅನಾರೋಗ್ಯದಿಂದ ಅಭ್ಯಾಸಕ್ಕೆ ಅಡ್ಡಿಯಾಗುವ ಸಂಭವವೂ ಗಣನೀಯವಾಗಿ ಏರಿತ್ತು ಎಂದು ತೋರಿಸಿತು. ಓದು, ನಿದ್ದೆ, ಊಟ, ಮನೆಯ ಚಿಂತೆ, ಆಟ, ಭಾರ, ಇವೆಲ್ಲವೂ ಖರ್ಚಾಗುವುದು ಒಂದೇ ದೇಹದ ಖಾತೆಯಿಂದ.

ಹಾಗಾಗಿ ನನ್ನ ಪ್ರಶ್ನೆ ಇದು. ಆಟಗಾರನನ್ನು ಇಡಿಯಾಗಿ ನೋಡುವ ತರಬೇತಿಯನ್ನು ದಿನನಿತ್ಯದ ಕೆಲಸದಲ್ಲಿ ನೀವು ಹೇಗೆ ನಡೆಸುತ್ತೀರಿ? ವಾರಕ್ಕೆ ಮೂರು ನಾಲ್ಕು ದಿನ, ವರ್ಷವಿಡೀ ಅವರನ್ನು ಹತ್ತಿರದಿಂದ ಕಾಣುವವರು ನಾವು. ಹಾಗಿದ್ದೂ ನಮ್ಮ ಕೆಲಸ ಎಲ್ಲಿಗೆ ನಿಲ್ಲಬೇಕು?

ಫಿಸಿಯೋಥೆರಪಿಸ್ಟ್

ಕೋಚ್ ಅವರೇ, ಪ್ರಾಮಾಣಿಕವಾಗಿ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಬರುವ ಮೊದಲು ಒಂದು ಮಾತು ಹೇಳಬೇಕು. ಇಡಿಯಾದ ವ್ಯಕ್ತಿ ಎಂದ ಕೂಡಲೇ ಭಾರ ಎತ್ತುವುದನ್ನು ಒಂದು ಕಡೆಗೆ, ಕಾಳಜಿಯನ್ನು ಇನ್ನೊಂದು ಕಡೆಗೆ ಇಟ್ಟು ಮಾತನಾಡುವ ರೂಢಿಯಿದೆ. ಕ್ರಮಬದ್ಧವಾದ ಸ್ಟ್ರೆಂತ್ ಟ್ರೈನಿಂಗ್ ತಾನೇ ದೊಡ್ಡ ಕಾಳಜಿ ಎಂಬುದು ನನ್ನ ಅನುಭವ. 25 ಪ್ರಯೋಗಗಳ, ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸ್ಟ್ರೆಂತ್ ಟ್ರೈನಿಂಗ್ ಕ್ರೀಡಾ ಗಾಯಗಳನ್ನು ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಸಿತ್ತು. ಬರೀ ಸ್ಟ್ರೆಚಿಂಗ್‌ನಿಂದ ಅಂಥ ಲಾಭ ಕಂಡುಬರಲಿಲ್ಲ. ಮಂಡಿಯೂರಿ ಕುಳಿತು, ಜೊತೆಗಾರ ಹಿಮ್ಮಡಿಗಳನ್ನು ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವ ನಾರ್ಡಿಕ್ ವ್ಯಾಯಾಮವೊಂದೇ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಅದಕ್ಕೆ ಯಾವ ಯಂತ್ರವೂ ಬೇಡ.

ಈ ವಿದ್ಯೆಯ ಒಂದು ಬೇರು ಆಸ್ಪತ್ರೆಯಲ್ಲೇ ಇದೆ ಎಂಬುದನ್ನೂ ನೆನಪಿಸುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಬಲ ತುಂಬಲು ಥಾಮಸ್ ಡಿಲೋರ್ಮ್ ಎಂಬ ವೈದ್ಯರು ಭಾರವನ್ನು ಹಂತ ಹಂತವಾಗಿ ಏರಿಸುವ ಕ್ರಮವನ್ನು ರೂಪಿಸಿದರು. ಇಂದು ಎಲ್ಲ ಜಿಮ್‌ಗಳಲ್ಲೂ ಕೇಳಿಬರುವ ಹತ್ತು ರೆಪ್ಸಿನ ಮೂರು ಸೆಟ್, ಅಂದರೆ ಹತ್ತು ಸಲ ಎತ್ತುವುದನ್ನು ಮೂರು ಸುತ್ತು ಮಾಡುವ ಲೆಕ್ಕ ಅಲ್ಲಿಂದ ಜನಪ್ರಿಯವಾಯಿತು.

ಇನ್ನು ಗಾಯಗೊಂಡವರ ವಿಚಾರ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ತಡೆದಷ್ಟೂ, ಒಂದೊಂದು ತಿಂಗಳಿಗೆ ಮತ್ತೆ ಮೊಣಕಾಲಿನ ಗಾಯವಾಗುವ ಪ್ರಮಾಣ ಅರ್ಧದಷ್ಟು ಕುಗ್ಗುತ್ತದೆಂದು 2016ರ ಅಧ್ಯಯನವೊಂದು ಕಂಡುಕೊಂಡಿದೆ. ಒಂಬತ್ತು ತಿಂಗಳೆಂದರೆ ಕಾಲೇಜಿನ ಬಹುಮಟ್ಟಿಗೆ ಒಂದು ವರ್ಷ. ಆ ಅವಧಿಯಲ್ಲಿ ಹುಡುಗಿಯೊಬ್ಬಳು ತಂಡದ ಗುಂಪಿನಿಂದ, ಪ್ರಯಾಣದಿಂದ, ಊಟದ ಮೇಜಿನ ಮಾತಿನಿಂದ ಹೊರಗುಳಿಯುತ್ತಾಳೆ. ಸ್ನಾಯು ಕರಗುವುದನ್ನು ಅಳತೆಯ ಟೇಪಿನಲ್ಲಿ ನೋಡುತ್ತೇವೆ. ಈ ಇನ್ನೊಂದು ನಷ್ಟವನ್ನು ಯಾರೂ ಬರೆದಿಡುವುದಿಲ್ಲ. ನಾನು ತಂಡಗಳಿಗೆ ಕೇಳಿಕೊಳ್ಳುವುದು ಒಂದೇ: ಗಾಯಗೊಂಡವರನ್ನು ಬೇರೆ ವೇಳೆಗೆ, ಬೇರೆ ಕೋಣೆಗೆ ಕಳಿಸಬೇಡಿ. ತಂಡ ಸ್ಕ್ವಾಟ್ ಮಾಡುವ ಹೊತ್ತಿಗೇ, ಅದೇ ಹಾಲ್‌ನಲ್ಲಿ, ಅವಳು ಒಂದು ಕಾಲಿನ ಲೆಗ್ ಪ್ರೆಸ್ ಮಾಡಲಿ, ಅವಳ ಲೆಕ್ಕವೂ ಅದೇ ಬೋರ್ಡಿನ ಮೇಲಿರಲಿ.

ತಂಡದ ಕೋಚ್

ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೆ ಒಂದು ಆಕ್ಷೇಪವನ್ನು ಬಿಚ್ಚುಮನಸ್ಸಿನಿಂದ ಹೇಳಲೇಬೇಕು. ಪಂದ್ಯಾವಳಿಯ ದಿನಾಂಕ ಯಾರ ನಿದ್ದೆಗೂ ಕಾಯುವುದಿಲ್ಲ. ಒಬ್ಬನಿಗೆ ಪರೀಕ್ಷೆ, ಮತ್ತೊಬ್ಬನಿಗೆ ಶೀತ, ಇನ್ನೊಬ್ಬನಿಗೆ ಮನಸ್ಸು ಸರಿಯಿಲ್ಲ ಎಂದು ದಿನಾಲೂ ಭಾರ ಇಳಿಸುತ್ತಾ ಹೋದರೆ ಇವರು ಬಲಗೊಳ್ಳುವುದು ಯಾವಾಗ? ಕಷ್ಟದ ದಿನವೂ ಎದ್ದು ಬಂದು ಕೆಲಸ ಮುಗಿಸುವುದು ಒಂದು ಗುಣ, ಅದನ್ನು ಕಲಿಸುವುದೂ ವ್ಯಕ್ತಿತ್ವದ ಬೆಳವಣಿಗೆಯೇ. ನನ್ನ ಬಳಿ ಕಲಿತು ಹೋದವರಲ್ಲಿ ಹಲವರು ಇಂದಿಗೂ ನೆನೆಯುವುದು ಆ ಶಿಸ್ತನ್ನು.

ಸಮಯದ ಅಭಾವವೂ ನಿಜವಾದದ್ದು. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಿಯಮದಲ್ಲಿ ಋತುವಿನ ಅವಧಿಯಲ್ಲಿ ಕಡ್ಡಾಯ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಯ ಮಿತಿಯಿದ್ದು, ಪಂದ್ಯ ಮತ್ತು ಸ್ಟ್ರೆಂತ್ ಟ್ರೈನಿಂಗ್ ಕೂಡ ಅದರೊಳಗೇ ಎಣಿಕೆಯಾಗುತ್ತವೆ. ಅಂಥ ಲಿಖಿತ ಮಿತಿ ಇಲ್ಲದ ಕಡೆಯೂ ತರಗತಿಗಳ ನಡುವೆ ನಮಗೆ ಸಿಗುವುದು ಅಷ್ಟೇ. ಅದರಲ್ಲಿ ಹತ್ತು ನಿಮಿಷ ಮಾತಿಗೆ ಕೊಟ್ಟರೆ, ಆ ಹತ್ತು ನಿಮಿಷ ನನ್ನ ಅಭ್ಯಾಸದಿಂದಲೇ ಹೋಗುತ್ತದೆ.

ಕ್ರೀಡಾ ವಿಜ್ಞಾನ ಸಂಶೋಧಕಿ

ತಂಡದ ಕೋಚ್ ಅವರ ಆಕ್ಷೇಪದಲ್ಲಿ ಹುರುಳಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಇತಿಹಾಸದ ಒಂದು ತುಣುಕು. 1969ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯವು ಬಾಯ್ಡ್ ಎಪ್ಲಿ ಎಂಬ ಯುವಕನನ್ನು ಫುಟ್‌ಬಾಲ್ ತಂಡಕ್ಕೆ ಸ್ಟ್ರೆಂತ್ ಕೋಚ್ ಆಗಿ ನೇಮಿಸಿಕೊಂಡಾಗ, ಭಾರ ಎತ್ತುವವರು ನಿಧಾನವಾಗುತ್ತಾರೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಯಾರಾದರೊಬ್ಬರ ವೇಗ ತಗ್ಗಿದರೂ ಕೆಲಸದಿಂದ ತೆಗೆಯುತ್ತೇನೆಂದು ಮುಖ್ಯ ಕೋಚ್ ಬಾಬ್ ಡೆವಾನಿ ಎಚ್ಚರಿಸಿದ್ದರು. ಎಪ್ಲಿ ಸ್ವತಃ ಗಾಯಗೊಂಡು ಜಿಮ್ ಸೇರಿದ್ದ ಪೋಲ್ ವಾಲ್ಟ್ ಆಟಗಾರ; ಗಾಯಗೊಂಡ ಫುಟ್‌ಬಾಲ್ ಆಟಗಾರರು ಅವರನ್ನು ನೋಡಿ ಕಲಿತು ಬಲಗೊಂಡು ಮರಳಿದ್ದೇ ಅವರ ನೇಮಕಕ್ಕೆ ಕಾರಣವಾಗಿತ್ತು. 1970 ಮತ್ತು 1971ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು, 1978ರಲ್ಲಿ ಎಪ್ಲಿ ಈ ವೃತ್ತಿಯವರ ಸಂಘವನ್ನೇ ಕಟ್ಟಿದರು. ಅಂದಿನ ಭಯ ಭಾರ ಎತ್ತಿದರೆ ಆಟಗಾರ ನಿಧಾನವಾಗುತ್ತಾನೆ ಎಂಬುದಾಗಿತ್ತು. ಇಂದಿನ ಭಯ, ಹೇಗಿದ್ದೀಯೆಂದು ಕೇಳಿದರೆ ಆಟಗಾರ ಮೆತ್ತಗಾಗುತ್ತಾನೆ ಎಂಬುದು.

ಹೊಂದಿಸುವುದು ಬೇರೆ, ಇಳಿಸುವುದು ಬೇರೆ. ಸೆಟ್ ಮುಗಿದಾಗ ಇನ್ನೆಷ್ಟು ರೆಪ್ಸ್ ಮಾಡಬಹುದಿತ್ತು ಎಂದು ಆಟಗಾರನನ್ನೇ ಕೇಳಿ. ಎರಡು ಉಳಿದಿರಬೇಕೆಂಬ ಯೋಜನೆಯಲ್ಲಿ ನಾಲ್ಕು ಉಳಿದಿದ್ದರೆ ಭಾರ ಏರಿಸಿ, ಒಂದೂ ಉಳಿಯದಿದ್ದರೆ ಇಳಿಸಿ. ಇದರಿಂದ ಚೆನ್ನಾಗಿ ನಿದ್ದೆ ಮಾಡಿ ಬಂದವನು ಕಾಗದದ ಮೇಲಿನ ಲೆಕ್ಕಕ್ಕಿಂತ ಹೆಚ್ಚು ಎತ್ತುತ್ತಾನೆ ಎಂಬುದನ್ನು ಗಮನಿಸಬೇಕು. ಒಟ್ಟು ಹೊರೆಯನ್ನು ತಿಳಿಯಲು ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಅವರ ಸರಳ ವಿಧಾನವೊಂದಿದೆ: ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆಯಾದ ಮೇಲೆ, ಅದು ಒಟ್ಟಾರೆ ಎಷ್ಟು ಕಷ್ಟವಾಗಿತ್ತೆಂದು ಸೊನ್ನೆಯಿಂದ ಹತ್ತರೊಳಗೆ ಹೇಳಿಸಿ, ಅದನ್ನು ನಿಮಿಷಗಳಿಂದ ಗುಣಿಸುವುದು. 60 ನಿಮಿಷದ ಜಿಮ್ ಅವಧಿಗೆ 7 ಎಂದರೆ 420. 90 ನಿಮಿಷದ ಮೈದಾನದ ಅಭ್ಯಾಸಕ್ಕೆ 5 ಎಂದರೆ 450. ಎರಡನ್ನೂ ಕೂಡಿಸಿದಾಗ ತಂಡದ ಕೋಚ್ ಮತ್ತು ಸ್ಟ್ರೆಂತ್ ಕೋಚ್ ಮೊದಲ ಬಾರಿಗೆ ಒಂದೇ ಅಂಕಿಯನ್ನು ನೋಡುತ್ತಾರೆ. ನಾನು ಕಂಡಂತೆ ಇದರ ನಿಜವಾದ ಉಪಯೋಗ ಗಣಿತದಲ್ಲಿಲ್ಲ. ನಿನ್ನೆ ಇದೇ ಅಭ್ಯಾಸಕ್ಕೆ 5 ಎಂದವಳು ಇಂದು 8 ಎಂದಾಗ, ಯಾಕೆಂದು ಕೇಳಲು ನಿಮಗೊಂದು ಕಾರಣ ಸಿಗುತ್ತದೆ.

ಶಿಸ್ತಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಗಾಢವಾದ ಕಳವಳವಿದೆ. 2011ರ ಜನವರಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ 13 ಫುಟ್‌ಬಾಲ್ ಆಟಗಾರರು ರ‍್ಯಾಬ್ಡೋಮಯೊಲೈಸಿಸ್‌ನಿಂದ ಆಸ್ಪತ್ರೆ ಸೇರಿದರು. ಸ್ನಾಯುವಿನ ಕೋಶಗಳು ಒಡೆದು ಅವುಗಳೊಳಗಿನ ಪದಾರ್ಥ ರಕ್ತಕ್ಕೆ ಸೇರುವ, ಮೂತ್ರಪಿಂಡಗಳಿಗೆ ಅಪಾಯ ತರುವ ಸ್ಥಿತಿ ಅದು. ಸುಮಾರು ಮೂರು ವಾರಗಳ ರಜೆ ಮುಗಿಸಿ ಬಂದವರಿಗೆ, ತಮ್ಮ ಗರಿಷ್ಠ ಭಾರದ ಅರ್ಧವನ್ನು ಹೊತ್ತು 100 ಸ್ಕ್ವಾಟ್‌ಗಳನ್ನು ಗಡಿಯಾರ ನೋಡಿ ಮಾಡಿಸಲಾಗಿತ್ತು. ಅರ್ಧ ಭಾರ ಹೆಚ್ಚೇನಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸಿದ್ಧವಿಲ್ಲದ ಸ್ನಾಯುವಿಗೆ ನೂರು ಎಂಬ ಸಂಖ್ಯೆಯೇ ಹೊಡೆತ. ನಿಲ್ಲಿಸುತ್ತೇನೆ ಎಂದು ಹೇಳುವ ಹಕ್ಕು ಆಟಗಾರನಿಗಿಲ್ಲದ ಕಡೆ ಶಿಸ್ತು ಅವನ ಗುಣವಾಗುವುದಿಲ್ಲ. ಅಲ್ಲಿ ಅವನು ಆಜ್ಞೆಯನ್ನು ಪಾಲಿಸುತ್ತಿರುತ್ತಾನೆ, ಅಷ್ಟೇ.

ಓಟಗಾರ್ತಿ, ಮೂರನೆಯ ವರ್ಷ

ಇಲ್ಲಿ ಬರೆಯುತ್ತಿರುವವರೆಲ್ಲ ಹಿರಿಯರು, ನಾನು ಇನ್ನೂ ವಿದ್ಯಾರ್ಥಿನಿ. ಆದರೂ ನಮ್ಮ ಕಡೆಯಿಂದ ಒಂದು ವಿಷಯ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಮಗೂ ಪ್ರತಿದಿನ ಬೆಳಗ್ಗೆ ತುಂಬಲು ಒಂದು ಫಾರ್ಮ್ ಇದೆ. ನಿದ್ದೆ, ಆಯಾಸ, ಮೈಕೈ ನೋವು, ಮನಸ್ಥಿತಿ, ಹೀಗೆ ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ನಾವು ಎಲ್ಲದಕ್ಕೂ ನಾಲ್ಕು ಹಾಕುತ್ತೇವೆ. ಐದು ಹಾಕಿದರೆ ನಂಬುವುದಿಲ್ಲ, ಮೂರು ಹಾಕಿದರೆ ಕರೆದು ಕೇಳುತ್ತಾರೆ, ಎರಡು ಹಾಕಿದರೆ ಶನಿವಾರದ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಮೊದಲ ವರ್ಷದಲ್ಲಿ ನಾನು ಒಮ್ಮೆ ನಿಜ ಬರೆದಿದ್ದೆ. ಮೊಣಕಾಲಿನ ಕೆಳಗೆ ಮೂಳೆಯಲ್ಲಿ ನೋವಿದೆ ಎಂದು ಗುರುತು ಹಾಕಿದ್ದೆ. ಯಾರೂ ಬಂದು ಕಾಲು ಮುಟ್ಟಿ ನೋಡಲಿಲ್ಲ, ರಿಲೇ ತಂಡದಿಂದ ಮಾತ್ರ ಕೈಬಿಟ್ಟರು. ಆಮೇಲೆ ಎರಡು ವರ್ಷ ನಾಲ್ಕೇ ಬರೆದೆ. ಕೊನೆಗೆ ಅದೇ ಜಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಬಿದ್ದ ಹೊರೆಯಿಂದ ಮೂಳೆಯಲ್ಲಿ ಬಿರುಕು ಆಯಿತು.

ದಯವಿಟ್ಟು ಇದನ್ನು ದೂರೆಂದು ತಿಳಿಯಬೇಡಿ. ನಮಗೆ ಸುಳ್ಳು ಬರೆಯುವ ಆಸೆಯಿಲ್ಲ. ನಾವು ಬರೆದದ್ದನ್ನು ಯಾರು ಓದುತ್ತಾರೆ, ಓದಿದ ಮೇಲೆ ನಮಗೇನಾಗುತ್ತದೆ ಎಂಬುದು ತಿಳಿದಿದ್ದರೆ ಸಾಕು. ಕೈಗೆ ಕಟ್ಟುವ ವಾಚಿನಲ್ಲಿ ನಮ್ಮ ನಿದ್ದೆ ದಾಖಲಾಗುತ್ತದೆ. ನಾವು ರಾತ್ರಿ ಎಷ್ಟು ಹೊತ್ತಿಗೆ ಕೋಣೆಗೆ ಬಂದೆವು ಎಂಬುದು ತಂಡದ ಆಯ್ಕೆಗಾರರಿಗೆ ಏಕೆ ಗೊತ್ತಾಗಬೇಕು?

ಸ್ಟ್ರೆಂತ್ ಕೋಚ್

ಈ ಬರಹವನ್ನು ಮೂರು ಸಲ ಓದಿದೆನಮ್ಮ. ನಮ್ಮಲ್ಲೂ ಫಾರ್ಮ್ ಇದೆ, ಅದರ ಪ್ರತಿ ನೇರವಾಗಿ ಆಯ್ಕೆ ಸಮಿತಿಗೆ ಹೋಗುತ್ತದೆ, ಮತ್ತು ನಮ್ಮ ಹಾಳೆಗಳಲ್ಲಿಯೂ ನಾಲ್ಕುಗಳೇ ತುಂಬಿವೆ. ಎಲ್ಲರೂ ಚೆನ್ನಾಗಿದ್ದಾರೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೆ.

ಪೋಷಣಾ ತಜ್ಞೆ

ಓಟಗಾರ್ತಿಯವರು ಸ್ಟ್ರೆಸ್ ಫ್ರ್ಯಾಕ್ಚರ್ ಎಂದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಅವರ ವಿಷಯದಲ್ಲಿ ಕಾರಣವೇನೆಂದು ನಾನು ಇಲ್ಲಿಂದ ಹೇಳಲಾರೆ, ಹೇಳಲೂಬಾರದು. ಆದರೆ ದೂರದ ಓಟದವರಲ್ಲಿ, ತೂಕದ ವರ್ಗಗಳಿರುವ ಆಟಗಳಲ್ಲಿ, ಜಿಮ್ನಾಸ್ಟಿಕ್ಸ್‌ನಲ್ಲಿ ಈ ಗಾಯ ಕಂಡಾಗ ಮೂಳೆಯನ್ನಷ್ಟೇ ನೋಡಿ ಸುಮ್ಮನಾಗಬಾರದು.

ತಿಂದದ್ದರಲ್ಲಿ ವ್ಯಾಯಾಮಕ್ಕೆ ಖರ್ಚಾದುದನ್ನು ಕಳೆದು ಉಳಿಯುವ ಶಕ್ತಿಯಿಂದಲೇ ದೇಹ ತನ್ನ ಉಳಿದೆಲ್ಲ ಕೆಲಸ ನಡೆಸಬೇಕು. ಒಂದು ಉದಾಹರಣೆ ನೋಡೋಣ. ಕೊಬ್ಬನ್ನು ಬಿಟ್ಟು 45 ಕಿಲೋ ದೇಹತೂಕ ಇರುವ ಹುಡುಗಿ ದಿನಕ್ಕೆ 1,900 ಕಿಲೋ ಕ್ಯಾಲರಿ ತಿನ್ನುತ್ತಾಳೆ, ಅಭ್ಯಾಸದಲ್ಲಿ 600 ಖರ್ಚು ಮಾಡುತ್ತಾಳೆ ಎಂದುಕೊಳ್ಳಿ. ಉಳಿದದ್ದು 1,300, ಅಂದರೆ ಕಿಲೋ ಒಂದಕ್ಕೆ ಸುಮಾರು 29. ಪ್ರಯೋಗಗಳಲ್ಲಿ ಇದು 30ಕ್ಕಿಂತ ಕೆಳಗಿಳಿದಾಗ ಕೆಲವೇ ದಿನಗಳಲ್ಲಿ ಹಾರ್ಮೋನುಗಳು ಏರುಪೇರಾಗುವುದು ಕಂಡಿದೆ. 45ರ ಆಸುಪಾಸಿನಲ್ಲಿದ್ದರೆ ಸಮಾಧಾನ. ಇದೊಂದು ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಗೆರೆಯಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿದೆ. ಆದರೆ 1,900 ಕ್ಯಾಲರಿ ತಿನ್ನುವವಳನ್ನು ನೋಡಿ ಯಾರೂ ಉಪವಾಸವಿದ್ದಾಳೆ ಎನ್ನುವುದಿಲ್ಲವಲ್ಲ, ಅಪಾಯವಿರುವುದು ಅಲ್ಲಿ. ಮುಟ್ಟು ತಪ್ಪುತ್ತದೆ ಅಥವಾ ನಿಂತೇ ಹೋಗುತ್ತದೆ, ಮೂಳೆ ತೆಳುವಾಗುತ್ತದೆ, ಪದೇ ಪದೇ ಶೀತವಾಗುತ್ತದೆ, ಎಷ್ಟು ಭಾರ ಎತ್ತಿದರೂ ಬಲ ಏರುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಶಕ್ತಿಯ ಕೊರತೆಯ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟು, ಇದು ಗಂಡು ಮಕ್ಕಳಿಗೂ ಬರುತ್ತದೆಂದು ಸ್ಪಷ್ಟಪಡಿಸಿತು. ಮೂಳೆಯ ಸಾಂದ್ರತೆ ತನ್ನ ಶಿಖರವನ್ನು ಮುಟ್ಟುವುದು ಇಪ್ಪತ್ತರ ಹರೆಯದಲ್ಲಿ. ಕಾಲೇಜಿನಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಪೂರ್ತಿಯಾಗಿ ತುಂಬಿಕೊಳ್ಳುವುದು ಬಹಳ ಕಷ್ಟ.

ಮುಟ್ಟು ನಿಂತರೆ ಅಭ್ಯಾಸ ಸರಿಯಾಗಿ ನಡೆಯುತ್ತಿದೆ ಎಂದರ್ಥ ಎನ್ನುವ ಮಾತನ್ನು ನಾನು ಹಿರಿಯ ಆಟಗಾರ್ತಿಯರ ಬಾಯಲ್ಲೇ ಕೇಳಿದ್ದೇನೆ. ಅದು ಪೂರ್ತಿ ತಪ್ಪು. ಆ ಹುಡುಗಿ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ಮಾತನ್ನು ಕೋಚ್‌ಗಳಿಗೆ ಕೈಮುಗಿದು ಕೇಳುತ್ತೇನೆ. ಸಾಲಾಗಿ ನಿಲ್ಲಿಸಿ ಎಲ್ಲರೆದುರು ತೂಕ ನೋಡುವ, ಅದನ್ನು ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸವನ್ನು ಬಿಟ್ಟುಬಿಡಿ. ಯಂತ್ರದ ಮೇಲೆ ಹತ್ತುವ ಮುನ್ನ ಕೂದಲಿನ ಕ್ಲಿಪ್ ತೆಗೆದಿಡುವ ಹತ್ತೊಂಬತ್ತು ವರ್ಷದ ಹುಡುಗಿಯನ್ನು ನಾನು ನೋಡಿದ್ದೇನೆ. ಆ ಕ್ಲಿಪ್‌ನ ತೂಕ ಎಷ್ಟಿದ್ದೀತು!

ಹಳೆಯ ಆಟಗಾರ

ಕಾಲೇಜು ತಂಡದಲ್ಲಿ ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ, ಆಮೇಲೆ ಆಟದ ಲೋಕದಿಂದಲೇ ಹೊರಬಂದವನು ನಾನು. ಕಾಲೇಜು ಆಟಗಾರರಲ್ಲಿ ವೃತ್ತಿಪರರಾಗುವವರು ಶೇಕಡಾ ಎರಡಕ್ಕೂ ಕಡಿಮೆ ಎಂದು ಎನ್‌ಸಿಎಎ ತಾನೇ ಹೇಳುತ್ತದೆ. ಅಷ್ಟು ವ್ಯವಸ್ಥೆ, ಅಷ್ಟು ಸೌಲಭ್ಯ ಇರುವಲ್ಲೇ ಹೀಗೆ. ನಾವು ಮಾತನಾಡುತ್ತಿರುವ ಮಕ್ಕಳಲ್ಲಿ ಬಹುಪಾಲು ಎಲ್ಲರ ಕೊನೆಯ ಪಂದ್ಯ ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿಗೇ ಮುಗಿದುಹೋಗುತ್ತದೆ.

ನನ್ನ ಕೊನೆಯ ಪಂದ್ಯ ಮುಗಿದ ಮರುದಿನ ಬೆಳಗ್ಗೆ ಐದೂವರೆಗೆ ಎಂದಿನಂತೆ ಎಚ್ಚರವಾಯಿತು. ಬೂಟಿನ ದಾರ ಕಟ್ಟುವವರೆಗೂ ಹೋಗಬೇಕಾದ ಜಾಗ ಯಾವುದೂ ಇಲ್ಲವೆಂಬುದು ನೆನಪಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತೇ ಇದ್ದೆ. ತನ್ನನ್ನು ತಾನು ಆಟಗಾರನೆಂದು ಮಾತ್ರ ಗುರುತಿಸಿಕೊಂಡವರಿಗೆ ಆಟ ನಿಂತಾಗ ಅಥವಾ ಗಾಯವಾದಾಗ ಆಘಾತ ಹೆಚ್ಚು ಎಂದು ಮನಶ್ಶಾಸ್ತ್ರಜ್ಞರು ಬರೆದಿದ್ದಾರೆ. ಆ ಗುರುತಿನ ತೀವ್ರತೆಯನ್ನು ಅಳೆಯುವ ಪ್ರಶ್ನಾವಳಿ 1993ರಿಂದಲೇ ಇದೆ. ನಮ್ಮನ್ನು ಯಾರೂ ಆ ಪ್ರಶ್ನೆಗಳನ್ನು ಕೇಳಲಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಅದೃಷ್ಟವಂತ. ನಮಗೆ ಕಲಿಸಿದ ಸ್ಟ್ರೆಂತ್ ಕೋಚ್ ಮೊದಲ ವರ್ಷ ಏನು ಮಾಡಬೇಕೆಂದು ಬರೆದುಕೊಡುತ್ತಿದ್ದರು. ಎರಡನೆಯ ವರ್ಷ, ಯಾಕೆ ಮಾಡಬೇಕೆಂಬ ಕಾರಣವನ್ನು ನಮ್ಮಿಂದ ಹೇಳಿಸುತ್ತಿದ್ದರು. ಮೂರನೆಯ ವರ್ಷ ಬೇಸಿಗೆಯ ಆರು ವಾರಗಳ ಕಾರ್ಯಕ್ರಮವನ್ನು ನಾವೇ ಬರೆದು ತರಬೇಕಿತ್ತು. ಅವರು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು, ಆದರೆ ಹರಿದು ಹಾಕಿ ತಮ್ಮದನ್ನು ಕೊಡುತ್ತಿರಲಿಲ್ಲ. ಕೊನೆಯ ವರ್ಷ ಕಿರಿಯರಿಗೆ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಕಲಿಸುವ ಹೊಣೆ ನಮ್ಮದು. ನನಗೀಗ ನಲವತ್ತೊಂದು. ಆಸ್ಪತ್ರೆಗೆ ಸೇರಿಸಿದ ತಂದೆಯವರನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಕೂರಿಸುವಾಗ, ಬೆನ್ನು ಬಗ್ಗಿಸದೆ ಸೊಂಟದಿಂದ ಬಾಗಿ, ಉಸಿರು ಹಿಡಿದು, ಅವರನ್ನು ನನ್ನ ಮೈಗೆ ಹತ್ತಿರ ತಂದುಕೊಂಡೆ. ಆ ಕ್ಷಣದಲ್ಲಿ ನೆನಪಾದದ್ದು ಗೆದ್ದ ಪಂದ್ಯಗಳಲ್ಲ, ಆ ಕೆಂಪು ಪೆನ್ನು.

ಆಪ್ತಸಮಾಲೋಚಕಿ

ಕೆಲಸ ಎಲ್ಲಿಗೆ ನಿಲ್ಲಬೇಕು ಎಂದು ಕೋಚ್ ಆರಂಭದಲ್ಲಿ ಕೇಳಿದ್ದರು. ಆ ಗೆರೆಯನ್ನು ಸ್ಪಷ್ಟವಾಗಿ ಎಳೆಯುವುದು ಎಲ್ಲರಿಗೂ ಕ್ಷೇಮ. ಬದಲಾವಣೆಯನ್ನು ಗಮನಿಸುವುದು ನಿಮ್ಮ ಕೆಲಸ: ಎಂದೂ ತಡವಾಗದವನು ತಡವಾಗಿ ಬರುವುದು, ಸೆಟ್‌ಗಳ ನಡುವೆ ಹರಟುತ್ತಿದ್ದವಳು ಗೋಡೆಗೆ ಮುಖ ಮಾಡಿ ಕೂರುವುದು. ಕೇಳುವುದು, ಅವರು ಹೇಳುವುದನ್ನು ಅಡ್ಡಬಾಯಿ ಹಾಕದೆ ಕೇಳಿಸಿಕೊಳ್ಳುವುದೂ ನಿಮ್ಮ ಕೆಲಸವೇ. ರೋಗ ನಿರ್ಣಯ ಮತ್ತು ಚಿಕಿತ್ಸೆ ನಿಮ್ಮದಲ್ಲ. ಬದುಕುವುದು ಬೇಡ ಎಂಬಂಥ ಮಾತು ಬಂದರೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಆ ಕ್ಷಣವೇ ಜೊತೆಯಲ್ಲಿ ನಡೆದು ಹೋಗಿ ತಜ್ಞರ ಕೈಗೆ ಒಪ್ಪಿಸಿ. ಯಾರ ಬಳಿ ಹೋಗಬೇಕು, ಅವರ ಫೋನ್ ಸಂಖ್ಯೆ ಏನು ಎಂಬುದು ಇಂದೇ ನಿಮ್ಮ ಬಳಿ ಬರೆದಿರಬೇಕು.

ತಂಡದ ಕೋಚ್

ಎಲ್ಲವನ್ನೂ ಓದಿದೆ. ನನ್ನ ಮಾತಿನ ಒಂದು ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ, ಇನ್ನೊಂದನ್ನು ಉಳಿಸಿಕೊಳ್ಳುತ್ತೇನೆ.

ಆಯ್ಕೆಗೂ ಆ ಫಾರ್ಮಿಗೂ ಸಂಬಂಧವಿರಬಾರದು ಎಂಬುದನ್ನು ಒಪ್ಪುತ್ತೇನೆ. ನಾನೇ ಆ ಹಾಳೆಗಳನ್ನು ನೋಡಿ ಹೆಸರು ಕೈಬಿಟ್ಟಿದ್ದೇನೆ; ಆ ಮಕ್ಕಳು ಆಮೇಲೆ ಏನು ಬರೆದಿರಬಹುದೆಂದು ಈಗ ಯೋಚಿಸುತ್ತಿದ್ದೇನೆ. ನಿದ್ದೆಯ ವಿಷಯದಲ್ಲೂ ನನ್ನ ಬೆಳಗಿನ ಐದೂವರೆಯ ಅಭ್ಯಾಸವನ್ನು ಮರುಪರಿಶೀಲಿಸುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬ್ಯಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ರಾತ್ರಿಗೆ ಹತ್ತು ಗಂಟೆ ಹಾಸಿಗೆಯಲ್ಲಿರುವ ಗುರಿಯಿಟ್ಟುಕೊಂಡಾಗ ಅವರ ಫ್ರೀ ಥ್ರೋ ನಿಖರತೆ ಶೇಕಡಾ 9ರಷ್ಟು ಏರಿತ್ತು ಎಂಬ 2011ರ ವರದಿಯನ್ನು ಹಿಂದೆಯೇ ಓದಿದ್ದೆ. ಹೋಲಿಕೆಗೆ ಬೇರೊಂದು ಗುಂಪಿಲ್ಲದ ಸಣ್ಣ ಅಧ್ಯಯನವೆಂದು ಪಕ್ಕಕ್ಕಿಟ್ಟಿದ್ದೆ. ಸಣ್ಣದು ಎಂಬುದು ನಿಜ, ಆದರೆ ನಾನು ಪಕ್ಕಕ್ಕಿಟ್ಟ ಕಾರಣ ಅದೊಂದೇ ಆಗಿರಲಿಲ್ಲ. ನನಗೆ ಬೆಳಗಿನ ಮೈದಾನ ಬೇಕಿತ್ತು.

ಉಳಿಸಿಕೊಳ್ಳುವ ಮಾತು ಇದು: ಕಷ್ಟವನ್ನು ಪೂರ್ತಿಯಾಗಿ ತೆಗೆದುಹಾಕಬೇಡಿ. ವಾರಕ್ಕೊಂದು ದಿನವಾದರೂ ನಿಜವಾಗಿ ಭಾರವಿರುವ ದಿನವಿರಲಿ, ಅದು ಯಾವ ದಿನ ಎಂಬುದು ಅವರಿಗೆ ಮುಂಚಿತವಾಗಿ ಗೊತ್ತಿರಲಿ.

ಸ್ಟ್ರೆಂತ್ ಕೋಚ್

ಒಪ್ಪಿದೆ ಸರ್, ಭಾರದ ದಿನ ಇರಲೇಬೇಕು. ಮುಂದಿನ ಅವಧಿಗೆ ನಾನು ಹಾಕಿಕೊಂಡಿರುವ ಬದಲಾವಣೆಗಳನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಯೋಜನೆ ಬರೆಯುವ ಮೊದಲು ಪರೀಕ್ಷೆಯ ವಾರಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಆ ವಾರಗಳಲ್ಲಿ ಭಾರವನ್ನು ಹೆಚ್ಚು ಕಡಿಮೆ ಹಾಗೆಯೇ ಉಳಿಸಿ ಸೆಟ್‌ಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತೇನೆ. ಗಳಿಸಿದ ಬಲವನ್ನು ಕೆಲವು ವಾರ ಉಳಿಸಿಕೊಳ್ಳಲು ಅಷ್ಟು ಸಾಕು. ರಜೆಯಿಂದ ಮರಳಿದವರಿಗೆ ಮೊದಲೆರಡು ವಾರ ಬಲದ ಪರೀಕ್ಷೆಯೂ ಇಲ್ಲ, ಪಂಥವೂ ಇಲ್ಲ. ಗಾಯಗೊಂಡವರು ತಂಡದ ವೇಳೆಗೇ ಬರುತ್ತಾರೆ. ತೂಕದ ಯಂತ್ರವನ್ನು ಹಾಲ್‌ನಿಂದ ತೆಗೆಸಿದ್ದೇನೆ. ಮಾತಿಗೆ ಬೇಕಾದ ಹತ್ತು ನಿಮಿಷಕ್ಕೆ ಬೇರೆ ಸಮಯ ಹುಡುಕಬೇಕಾಗಿಲ್ಲ ಎಂಬುದೂ ಗೊತ್ತಾಯಿತು. ವಾರ್ಮ್ ಅಪ್ ನಡೆಯುವಾಗ ಬೋರ್ಡಿನ ಬಳಿ ನಿಲ್ಲುವ ಬದಲು ಅವರ ನಡುವೆ ಓಡಾಡಿದರೆ ಒಬ್ಬೊಬ್ಬರಿಗೂ ಅರ್ಧ ನಿಮಿಷ ಸಿಗುತ್ತದೆ.

ನಿನ್ನೆ ಆ ವಾಲಿಬಾಲ್ ಹುಡುಗನ ಜೊತೆ ಕೂತು ಅವನ ಮುಂದಿನ ನಾಲ್ಕು ವಾರಗಳ ಕಾರ್ಯಕ್ರಮವನ್ನು ಅವನಿಂದಲೇ ಬರೆಸಿದೆ. ಬುಧವಾರ ಸ್ಕ್ವಾಟ್ ಇಟ್ಟಿದ್ದ, ಗುರುವಾರ ಲ್ಯಾಬ್ ಇದೆಯೆಂದು ಹೊಡೆದುಹಾಕಿ ಸೋಮವಾರಕ್ಕೆ ತಂದ. ಆ ಗೀಟನ್ನು ಹಾಗೆಯೇ ಬಿಟ್ಟಿದ್ದೇನೆ.

ಫಾರ್ಮ್ ಒಂದೇ ಇನ್ನೂ ಬಗೆಹರಿದಿಲ್ಲ. ಅದನ್ನು ನಾನು ಮತ್ತು ಫಿಸಿಯೋ ಇಬ್ಬರೇ ನೋಡುವಂತೆ ಮಾಡಿದ್ದೇವೆ. ಆದರೆ ಎರಡು ವರ್ಷ ನಾಲ್ಕು ಬರೆದ ಮಕ್ಕಳು ನಾಳೆಯಿಂದ ನಿಜ ಬರೆಯಲು ಏನು ಬೇಕು? ಓಟಗಾರ್ತಿಯವರೇ ಹೇಳಬೇಕು.

ಓಟಗಾರ್ತಿ, ಮೂರನೆಯ ವರ್ಷ

ಸರ್, ಫಾರ್ಮಿನ ತಲೆಯ ಮೇಲೆ, ಅಂಕಗಳಿಗಿಂತ ಮೊದಲು, ಇದನ್ನು ಓದುವವರ ಹೆಸರುಗಳನ್ನು ಬರೆಯಿಸಿ. ಕಡಿಮೆ ಅಂಕ ಬಂದರೆ ಮೊದಲು ಏನು ಮಾಡುತ್ತೀರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿಸಿ. ಆಮೇಲೆ ಯಾರಾದರೊಬ್ಬರು ಮೊದಲ ಸಲ ಎರಡು ಹಾಕಿದ ದಿನ, ಆ ಸಾಲಿನಲ್ಲಿ ಬರೆದದ್ದನ್ನೇ ಮಾಡಿ. ಮಧ್ಯಾಹ್ನದೊಳಗೆ ಇಡೀ ತಂಡಕ್ಕೆ ಗೊತ್ತಾಗಿರುತ್ತದೆ.